ಧಾರವಾಡದ ಹವಾ ಮಸ್ತ್ ಅಂತೀರಲ್ಲ, ಯಾವ ಹವಾ?

ಬೆಂಗಳೂರು ಬಿಟ್ಟು ಧಾರವಾಡಕ್ಕೆ ವಾಪಸ್ ಬಂದಾಗಿನಿಂದ ಫೋನ್ ಮಾಡಿದವರೆಲ್ಲ ಒಂದೇ ಮಾತು ಕೇಳುತ್ತಾರೆ. "ಏನ್ರೀ, ಹವಾ ಮಸ್ತ್ ಇರಬೇಕಲ್ಲ?" ಹೌದು ಅಂದುಬಿಟ್ಟರೆ ಮಾತು ಮುಗಿಯುತ್ತದೆ. ಆದರೆ ಹೀಗೆ ಕೇಳುವವರಲ್ಲಿ ಹೆಚ್ಚಿನವರು ಜುಲೈನಲ್ಲೋ ಆಗಸ್ಟ್‌ನಲ್ಲೋ ಒಂದು ಭಾನುವಾರ ಬಂದು, ಕೆಲಗೇರಿ ಕೆರೆ ದಂಡೆ ಮೇಲೆ ಫೋಟೊ ತೆಗೆಸಿಕೊಂಡು, ಲೈನ್ ಬಜಾರಿನಲ್ಲಿ ಪೇಢೆ ಕಟ್ಟಿಸಿಕೊಂಡು ಹೋದವರು. ಅವರಿಗೆ ಕಂಡಿದ್ದು ಸುಳ್ಳಲ್ಲ. ಆದರೆ ಅಷ್ಟೇ ಧಾರವಾಡ ಅಲ್ಲ.

ನನ್ನನ್ನು ಕೇಳಿದರೆ ಈ ಊರಿಗೆ ತನ್ನದೇ ಅಂತ ಒಂದು ಹವಾ ಇಲ್ಲ. ಎರಡು ಸೀಮೆಗಳ ಹವಾ ಬಂದು ಜಗಳ ಆಡುವ ಜಾಗ ಇದು. ಪಶ್ಚಿಮಕ್ಕೆ ಅಳ್ನಾವರ, ದಕ್ಷಿಣಕ್ಕೆ ಕಲಘಟಗಿ. ಅಲ್ಲಿ ಭತ್ತದ ಗದ್ದೆ, ಕಾಡು, ಮಲೆನಾಡಿನ ಸೆರಗು. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ. ಅಲ್ಲಿ ಕಣ್ಣು ಹಾಯಿಸಿದಷ್ಟು ದೂರ ಎರೆಭೂಮಿ, ಒಂದು ಮರ ಹುಡುಕಬೇಕು. ಎರಡೂ ಕಡೆಗೆ ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿ. ನಾವು ನಡುವೆ, ಸುಮಾರು 750 ಮೀಟರ್ ಎತ್ತರದಲ್ಲಿ ಕೂತಿದ್ದೇವೆ. 1962ರಲ್ಲಿ ಹುಬ್ಬಳ್ಳಿ-ಧಾರವಾಡ ಸೇರಿಸಿ ಒಂದೇ ಮಹಾನಗರಪಾಲಿಕೆ ಮಾಡಿದ್ದಿರಬಹುದು. ಫೋನಿನ ಆ್ಯಪ್ ಕೂಡ ಎರಡನ್ನೂ ಸೇರಿಸಿ ಒಂದೇ ಮೋಡದ ಚಿತ್ರ ತೋರಿಸುತ್ತದೆ. ಆದರೆ ಇಪ್ಪತ್ತು ಕಿಲೋಮೀಟರ್ ಆಚೆ ಹುಬ್ಬಳ್ಳಿಯಲ್ಲಿ ಬಿಸಿಲು ಹೊಡೆಯುತ್ತಿರುವಾಗ ಇಲ್ಲಿ ಸಪ್ತಾಪುರದಲ್ಲಿ ಛತ್ರಿ ಬಿಚ್ಚಿರುತ್ತೇವೆ. ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ದಿನಾ ಓಡಾಡುವವರನ್ನು ಕೇಳಿ ನೋಡಿ. ಸ್ವೆಟರ್ ಹಾಕಿಕೊಂಡು ಹತ್ತಿದವರು ಅದನ್ನು ಕೈಯಲ್ಲಿ ಹಿಡಿದುಕೊಂಡು ಇಳಿಯುತ್ತಾರೆ.

ನಮ್ಮ ಅವ್ವ ಆ್ಯಪ್ ನೋಡುವುದಿಲ್ಲ. ಮಾಳಿಗೆ ಮೇಲೆ ಹೋಗಿ, ಸೊಂಟದ ಮೇಲೆ ಕೈ ಇಟ್ಟುಕೊಂಡು ಎರಡೂ ದಿಕ್ಕು ನೋಡುತ್ತಾಳೆ. ಆಮೇಲೆ ತೀರ್ಪು. "ಅಳ್ನಾವರ ಕಡೆ ಕಪ್ಪ ಆದ್ರ ಛತ್ರಿ ಸಾಕು. ನವಲಗುಂದ ಕಡೆ ಕಪ್ಪ ಆದ್ರ ಟಿವಿ ಪಿನ್ ತಗಿ." ಸುಮ್ನೆ ಅಂದದ್ದಲ್ಲ ಇದು. ಮುಂಗಾರು ಅರಬ್ಬೀ ಸಮುದ್ರದಿಂದ ಹೊರಟು, ಘಟ್ಟದಲ್ಲಿ ಅರ್ಧಕ್ಕಿಂತ ಜಾಸ್ತಿ ಸುರಿದು, ನಮ್ಮ ಕಡೆ ಬರುವ ಹೊತ್ತಿಗೆ ಸುಸ್ತಾಗಿರುತ್ತದೆ. ಅದಕ್ಕೇ ಜಿಟಿಜಿಟಿ. ದಿನಗಟ್ಟಲೆ ನಿಲ್ಲುವುದಿಲ್ಲ, ಜೋರಾಗಿ ಬರುವುದೂ ಅಪರೂಪ. ನವಲಗುಂದ ಕಡೆಯಿಂದ ಬರುವ ಏಪ್ರಿಲ್-ಮೇ ಮಳೆಯ ಕಥೆಯೇ ಬೇರೆ. ಮಧ್ಯಾಹ್ನ 36-37 ಡಿಗ್ರಿ ಕಾದ ನೆಲದ ಮೇಲೆ ಮೋಡ ಎದ್ದು, ಸಂಜೆ ಐದಕ್ಕೆ ಧೂಳು, ಗಾಳಿ, ಸಿಡಿಲು, ಒಮ್ಮೊಮ್ಮೆ ಆಣೆಕಲ್ಲು. ಅರ್ಧ ತಾಸಿನಲ್ಲಿ ಎಲ್ಲ ಮುಗಿದು, ಕರೆಂಟು ಮಾತ್ರ ರಾತ್ರಿ ಹತ್ತಕ್ಕೆ ಬರುತ್ತದೆ. ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದ ನನ್ನಂಥವರಿಗೆ ಈ ಎರಡು ಮಳೆಗಳ ವ್ಯತ್ಯಾಸ ಬಹಳ ಬೇಗ ತಿಳಿಯುತ್ತದೆ. ಮೊದಲನೆಯದು ಅರಿವೆ ಒಣಗಿಸಲು ಬಿಡುವುದಿಲ್ಲ, ಎರಡನೆಯದು ಮೀಟಿಂಗ್ ಮುಗಿಸಲು ಬಿಡುವುದಿಲ್ಲ.

ಈ ಊರಿನಲ್ಲಿ ಬಿದ್ದ ನೀರೂ ಒಂದೇ ಕಡೆ ಹರಿಯುವುದಿಲ್ಲ ಅನ್ನುವುದು ನನಗೆ ಬಹಳ ಇಷ್ಟದ ಸಂಗತಿ. ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲಾ ಪಶ್ಚಿಮಕ್ಕೆ ಹೋಗಿ ಬೇಡ್ತಿ ಆಗಿ, ಗಂಗಾವಳಿ ಆಗಿ, ಅಂಕೋಲೆಯ ಕಡೆ ಅರಬ್ಬೀ ಸಮುದ್ರ ಸೇರುತ್ತದೆ. ಪೂರ್ವದ ಕಡೆ ಬಿದ್ದ ನೀರು ತುಪ್ಪರಿಹಳ್ಳ, ಬೆಣ್ಣಿಹಳ್ಳ, ಮಲಪ್ರಭಾ, ಕೃಷ್ಣಾ ಅಂತ ಹೆಸರು ಬದಲಿಸುತ್ತ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ಊರಿನ ಒಂದೇ ಮಳೆ, ಆದರೆ ಸಮುದ್ರ ಎರಡು. ಶಾಲೆಯಲ್ಲಿ ನಮಗೆ ಇದನ್ನು ಯಾಕೆ ಹೇಳಿಕೊಡಲಿಲ್ಲವೋ ಗೊತ್ತಿಲ್ಲ. ಥೇಮ್ಸ್ ನದಿ ಎಲ್ಲಿದೆ ಅಂತ ಬಾಯಿಪಾಠ ಮಾಡಿಸಿದ್ದರು.

ಇನ್ನು ಮನೆಯೊಳಗಿನ ಮಾತು. ಶ್ರಾವಣ ಬಂತೆಂದರೆ ಅರಿವೆ ಒಣಗುವುದಿಲ್ಲ. ಪಡಸಾಲೆಯಲ್ಲಿ ಹಗ್ಗ, ಹಗ್ಗದ ಮೇಲೆ ಅಪ್ಪನ ಧೋತರ, ಅದರ ಕೆಳಗೆ ನನ್ನ ಲ್ಯಾಪ್‌ಟಾಪ್. ಡಬ್ಬಿಯಲ್ಲಿ ಇಟ್ಟ ಖಡಕ್ ರೊಟ್ಟಿ ಮೆತ್ತಗಾಗುತ್ತದೆ. ಉಪ್ಪಿನ ಭರಣಿಯಲ್ಲಿ ನೀರು. ಕಪಾಟಿನಲ್ಲಿ ಇಟ್ಟ ಚರ್ಮದ ಬೆಲ್ಟಿಗೆ ಬೂಸಲು. ಅಕ್ಕಿ, ಬೇಳೆ, ಖಾರದಪುಡಿ ಎಲ್ಲವನ್ನೂ ಬೇಸಿಗೆಯಲ್ಲೇ ಬಿಸಿಲಿಗೆ ಹಾಕಿ ಕಟ್ಟಿಡುವುದು, ಏಪ್ರಿಲ್‌ನಲ್ಲೇ ಹಪ್ಪಳ, ಸಂಡಿಗೆ, ಕುರಡಗಿ ಮಾಡಿ ಮುಗಿಸುವುದು, ಹಳೆ ಕೌದಿಗಳನ್ನು ಒಗೆದು ಇಡುವುದು - ಇದೆಲ್ಲ ಅವ್ವನ ಚಟ ಅಂದುಕೊಂಡವರು ಒಂದು ಮಳೆಗಾಲ ಇಲ್ಲಿ ಕಳೆಯಬೇಕು. ಇದು ಈ ಮನೆಯ ಹವಾಮಾನ ಇಲಾಖೆ. ಬೆಂಗಳೂರಿನಲ್ಲಿ ಮಳೆ ಅಂದರೆ ಟ್ರಾಫಿಕ್ಕಿನ ವಿಷಯ ಅಷ್ಟೇ ಆಗಿತ್ತು. ಇಲ್ಲಿ ಅದು ಅಡುಗೆಮನೆಯ ವಿಷಯ.

ಆದರೆ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಬೇರೆ. ನಮ್ಮ ನೆಮ್ಮದಿಗೆ ಬೇಕಾದ ಮಳೆ ನಮ್ಮ ಮನೆ ಮೇಲೆ ಬೀಳುವುದೇ ಇಲ್ಲ.

ನಳದ ಕಥೆ ಕೇಳಿ. ರಾತ್ರಿಯೆಲ್ಲ ಮಳೆ ಸುರಿದಿರುತ್ತದೆ. ಓಣಿಯಲ್ಲಿ ಮೊಳಕಾಲುದ್ದ ನೀರು. ಆದರೂ ಬೆಳಿಗ್ಗೆ ಎದ್ದವರು ಕೇಳುವ ಮೊದಲ ಮಾತು, "ಇವತ್ತು ನಳ ಬರ್ತದೇನ್ರಿ?" ನಮ್ಮ ಓಣಿಗೆ ನೀರು ದಿನಾ ಬರುವುದಿಲ್ಲ. ಬಂದ ದಿನ ಹಬ್ಬ. ಟಾಕಿ, ಹಂಡೆ, ಕೊಡ, ಬಕೆಟ್ ಎಲ್ಲ ತುಂಬಬೇಕು, ಆಫೀಸಿನ ಕರೆ ಬಂದರೆ ಮ್ಯೂಟ್‌ನಲ್ಲಿ ಇಟ್ಟುಕೊಂಡೇ ತುಂಬಬೇಕು. ಈ ನೀರು ಬರುವುದು ಸವದತ್ತಿಯ ರೇಣುಕಾಸಾಗರ ಜಲಾಶಯದಿಂದ, ಅಮ್ಮಿನಬಾವಿಯಲ್ಲಿ ಶುದ್ಧವಾಗಿ. ರೇಣುಕಾಸಾಗರ ತುಂಬುವುದು ಮಲಪ್ರಭೆಯಿಂದ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಂದರೆ ಧಾರವಾಡದಲ್ಲಿ ಎಷ್ಟೇ ಜಿಟಿಜಿಟಿ ಆದರೂ ನನ್ನ ಟಾಕಿಗೆ ಪ್ರಯೋಜನ ಕಡಿಮೆ. ಕಣಕುಂಬಿ ಕಾಡಿನಲ್ಲಿ ಧಾರಾಕಾರ ಸುರಿಯಬೇಕು. ಮುಂಗಾರಿನಲ್ಲಿ ನಾನು ಪೇಪರಿನಲ್ಲಿ ಮೊದಲು ಹುಡುಕುವುದು ಖಾನಾಪುರದ ಸುದ್ದಿ. ಇಪ್ಪತ್ತು ವರ್ಷದ ಹಿಂದೆ ಇದೇ ಊರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಕಣಕುಂಬಿ ಅಂದರೆ ಎಲ್ಲೋ ಗೋವಾ ದಾರಿಯ ಒಂದು ಹಳ್ಳಿ ಅಷ್ಟೇ ಆಗಿತ್ತು.

ಇನ್ನೊಂದು ತುದಿಯಲ್ಲಿ ನಮ್ಮ ಕಾಕಾ ಇದ್ದಾರೆ, ಅಣ್ಣಿಗೇರಿ ಕಡೆ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ. ಹೆಸರು ಜೂನ್‌ನಲ್ಲಿ ಬಿತ್ತಿ ಆಗಸ್ಟ್‌ನಲ್ಲಿ ಕೈಗೆ ಬರುವ ಬೆಳೆ. ಸರಿಯಾಗಿ ಅದೇ ಹೊತ್ತಿಗೆ ಮಳೆ ಹಿಡಿದುಕೊಂಡರೆ ಮುಗಿಯಿತು. ಒಂದು ಸಲ ಅವರ ಹೊಲಕ್ಕೆ ಹೋಗಿದ್ದೆ. ಎರೆಮಣ್ಣು ಚಪ್ಪಲಿಗೆ ಅಂಟಿ ಒಂದೊಂದು ಕಾಲು ಒಂದೊಂದು ಕೆ.ಜಿ. ಆಗಿತ್ತು. ಕಾಕಾ ಒಂದು ಕಾಯಿ ಕಿತ್ತು, ಉಗುರಿನಿಂದ ಸೀಳಿ, ನನ್ನ ಅಂಗೈ ಮೇಲೆ ಇಟ್ಟರು. ಒಳಗೆ ಕಾಳುಗಳೆಲ್ಲ ಗಿಡದಲ್ಲೇ ಮೊಳಕೆ ಒಡೆದಿದ್ದವು. ಬಿಳಿ ಬಾಲ, ಹಸಿರು ಟೊಪ್ಪಿಗೆ. "ನಿಮ್ಮ ಬೆಂಗಳೂರಾಗ ಇದನ್ನ ಪ್ಯಾಕೆಟ್ ಮಾಡಿ ಮಾರ್ತಾರಂತಲ್ಲೋ, ಸ್ಪ್ರೌಟ್ಸು? ಒಯ್ಯಿ, ಎಷ್ಟ್ ಬೇಕೋ ಅಷ್ಟ್ ಒಯ್ಯಿ" ಅಂದರು. ನಗುತ್ತಲೇ ಅಂದರು. ಖರೀದಿ ಕೇಂದ್ರದಲ್ಲಿ ತೇವಾಂಶ ಶೇ. 12ಕ್ಕಿಂತ ಜಾಸ್ತಿ ಇದ್ದರೆ ಮಾಲು ವಾಪಸ್. ಮೊಳಕೆ ಬಂದದ್ದನ್ನಂತೂ ಕೇಳುವವರೇ ಇಲ್ಲ.

ಅದೇ ವಾರ ಧಾರವಾಡದಲ್ಲಿ ನಮ್ಮ ಗುಂಪಿನವರೆಲ್ಲ ಮಂಜು ಮುಸುಕಿದ ರಸ್ತೆಯ ಫೋಟೊ ಹಾಕಿ "ಸ್ವರ್ಗ" ಅಂತ ಬರೆದಿದ್ದರು. ತಪ್ಪು ಅಂತ ನಾನು ಹೇಳುವುದಿಲ್ಲ, ಚೆಂದ ಇತ್ತು. ಆದರೆ ನಾನು ಲೈಕ್ ಒತ್ತಲಿಲ್ಲ.

2023ರ ಆಗಸ್ಟ್ ನೆನಪಿದೆಯಾ? ದೇಶದಲ್ಲಿ 1901ರಿಂದ ಲೆಕ್ಕ ಇಡಲು ಶುರು ಮಾಡಿದ ಮೇಲೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು. 2025ರಲ್ಲಿ ಇದರ ಉಲ್ಟಾ. ಜೂನ್ 1ಕ್ಕೆ ಕೇರಳಕ್ಕೆ ಬರಬೇಕಾದ ಮುಂಗಾರು ಮೇ 24ಕ್ಕೇ ಬಂದುಬಿಟ್ಟಿತು. ಮಳೆ ಬೇಗ ಬಂತು ಅಂತ ಪೇಟೆಯವರಿಗೆ ಖುಷಿ. ನಮ್ಮ ಕಡೆ ಆಪೂಸ್ ಮಾವಿನ ತೋಟ ಇರುವವರಿಗೆ ಅದು ಖುಷಿಯ ವಿಷಯ ಅಲ್ಲ. ಕೊನೆಯ ಕೊಯ್ಲಿನ ಹಣ್ಣಿಗೆ ಮಳೆ ಬಿದ್ದರೆ ಹಣ್ಣುನೊಣ ಬರುತ್ತದೆ, ಹೊರಗೆ ಬಂಗಾರದಂತೆ ಕಾಣುವ ಹಣ್ಣನ್ನು ಕೊಯ್ದರೆ ಒಳಗೆ ಹುಳ. ಜನವರಿಯಲ್ಲಿ ಹೂ ಬಿಟ್ಟಾಗ ಮೋಡ ಕವಿದರೆ ಬೇರೆ ತೊಂದರೆ, ಜಿಗಿಹುಳು, ಬೂದಿರೋಗ. ಕಡಲೆಗೂ ಅಷ್ಟೇ. ಥಂಡಿ ಬೀಳಬೇಕಾದಾಗ ಮೋಡ ನಿಂತರೆ ಕಾಯಿಕೊರಕ ಹುಳ. ನಮಗೆ ಮೋಡ ಕವಿದ ವಾತಾವರಣ ಅಂದರೆ ಮಿರ್ಚಿ ಭಜಿ, ಗಿರ್ಮಿಟ್. ಅವರಿಗೆ ಔಷಧ ಹೊಡೆಯುವ ಖರ್ಚು.

"ಮೊದಲು ಹಿಂಗಿರಲಿಲ್ಲ ಬಿಡ್ರಿ" ಅನ್ನುವ ಮಾತು ಇಲ್ಲಿ ಚಹಾದಂಗಡಿಯಲ್ಲಿ ದಿನಾ ಕೇಳುತ್ತೇನೆ. ಅದರಲ್ಲಿ ಅರ್ಧ ನಿಜ. ಮಳೆಯ ವೇಳಾಪಟ್ಟಿ ತಪ್ಪಿದೆ, ಅನುಮಾನವೇ ಇಲ್ಲ. ರಸ್ತೆ ಅಗಲ ಮಾಡುವಾಗ ಹೋದ ದೊಡ್ಡ ಮರಗಳ ನೆರಳು ಕೂಡ ಹೋಯಿತು. ಆದರೆ ಉಳಿದ ಅರ್ಧ ನಾವೇ ಮಾಡಿಕೊಂಡದ್ದು. ಹಳೆ ಧಾರವಾಡದ ಮನೆಗಳಿಗೆ ಮಂಗಳೂರು ಹೆಂಚು ಇತ್ತು, ಮುಂದೆ ಕಟ್ಟೆ, ಹಿಂದೆ ಹಿತ್ತಲು, ಮಳೆ ಗೋಡೆಗೆ ಹೊಡೆಯದಂತೆ ಉದ್ದ ಚಾಚಿದ ಸೂರು. ಈಗ ನಾವು ಬೆಂಗಳೂರಿನ ನಕ್ಷೆ ತಂದು ಇಲ್ಲಿ ಕಟ್ಟುತ್ತೇವೆ. ಗೋಡೆಗೆ ಸೂರಿಲ್ಲ, ಕಿಟಕಿ ಮೇಲೆ ಒಂದು ಗೇಣು ಸಜ್ಜಾ, ಮುಂದೆ ಪೂರ್ತಿ ಗಾಜು. ಜುಲೈನಲ್ಲಿ ಪಶ್ಚಿಮದ ಗೋಡೆ ಬೆವರುತ್ತದೆ, ಏಪ್ರಿಲ್‌ನಲ್ಲಿ ಅದೇ ಗೋಡೆ ರಾತ್ರಿ ಹನ್ನೊಂದಕ್ಕೂ ಬಿಸಿ. ಆಮೇಲೆ ಹವಾ ಕೆಟ್ಟಿದೆ ಅಂತ ಬೈಯುತ್ತೇವೆ. ಹವಾ ಪಾಪ ಏನು ಮಾಡೀತು?

ಇಷ್ಟೆಲ್ಲ ಬರೆದೆ ಅಂತ ವಾಪಸ್ ಹೋಗುತ್ತೀಯಾ ಅಂತ ಕೇಳಬೇಡಿ. ಹೋಗುವುದಿಲ್ಲ. ಹಿಂಗಾರಿ ಜೋಳಕ್ಕೆ ಥಂಡಿ ಚೆನ್ನಾಗಿ ಬಿದ್ದ ವರ್ಷ ಕಾಕಾ ಒಂದು ಚೀಲ ಕಳಿಸುತ್ತಾರೆ. ಅದರ ಬಿಸಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಡಿಸೆಂಬರ್ ಬೆಳಗಿನ ಎಳೆಬಿಸಿಲು. ಅದರ ಮುಂದೆ ಒದ್ದೆ ಅರಿವೆಯ ವಾಸನೆ ಯಾವ ಲೆಕ್ಕ.

ಈ ವರ್ಷ ಇಬ್ಬರು-ಮೂವರು ಗೆಳೆಯರು ವಾಪಸ್ ಬರುವ ಯೋಚನೆಯಲ್ಲಿದ್ದಾರೆ, ಬಾಡಿಗೆ ಮನೆ ನೋಡು ಅಂತ ನನಗೆ ಹೇಳಿದ್ದಾರೆ. ಅವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಡಿಸೆಂಬರ್‌ನಲ್ಲಿ ಬಂದು ಮನೆ ಒಪ್ಪಬೇಡಿ, ಆಗ ಈ ಊರಿನ ಎಲ್ಲ ಮನೆಯೂ ಚೆಂದ. ಜುಲೈ ಕೊನೆಗೆ ಬನ್ನಿ. ಪಶ್ಚಿಮದ ಗೋಡೆ ಮುಟ್ಟಿ ನೋಡಿ, ಕಪಾಟಿನ ಬಾಗಿಲು ತೆಗೆದು ವಾಸನೆ ನೋಡಿ, ಅರಿವೆ ಒಣಹಾಕಲು ಮೇಲೆ ಶೀಟ್ ಹಾಕಿದ್ದಾರಾ ಕೇಳಿ. ಮನೆ ಮಾಲೀಕರು "ನೀರಿಂದ್ ಏನೂ ತೊಂದ್ರಿ ಇಲ್ರೀ" ಅಂದೇ ಅನ್ನುತ್ತಾರೆ. ತಲೆ ಆಡಿಸಿ, ಆಮೇಲೆ ಟಾಕಿ ಎಷ್ಟು ಲೀಟರಿನದು ಅಂತ ಕೇಳಿ. ಉತ್ತರ ಹೇಳಲು ಅವರು ತಡ ಮಾಡಿದರೆ ಪಕ್ಕದ ಓಣಿಯಲ್ಲಿ ಇನ್ನೊಂದು ಮನೆ ನೋಡಿಟ್ಟಿದ್ದೇನೆ, ಅಲ್ಲಿಗೆ ಹೋಗೋಣ.