ಅವರ ಬೆಳಗಿಗೆ ನಮ್ಮ ನಿದ್ದೆ

ರಾತ್ರಿ 3 ಗಂಟೆ 10 ನಿಮಿಷ. ಮತ್ತೆ ಎಚ್ಚರ. ಕಿಟಕಿ ಗಾಜು ಇನ್ನೂ ಅದುರುತ್ತಿದೆ. ಅಡುಗೆಮನೆಯಲ್ಲಿ ತಟ್ಟೆ ಲೋಟ ಗಲಗಲ ಅಂದು ಈಗ ತಾನೇ ಸುಮ್ಮನಾದವು. ಇನ್ನು ನಿದ್ದೆ ಬರಲ್ಲ, ಕೂತು ಬೈಯುತ್ತೇನೆ.

“ಏರ್‌ಪೋರ್ಟ್ ಪಕ್ಕ ಮನೆ ಮಾಡಿಕೊಂಡು ಸದ್ದು ಅಂತೀರಲ್ಲ” ಅನ್ನುವವರು ದಯವಿಟ್ಟು ಇಲ್ಲೇ ನಿಲ್ಲಿಸಿ. ನಾವು ಅದರ ಪಕ್ಕಕ್ಕೆ ಹೋದವರಲ್ಲ, ಅದು ನಮ್ಮ ಪಕ್ಕಕ್ಕೆ ಬಂದಿದ್ದು. ದೇವನಹಳ್ಳಿ ಕಡೆ ವಿಮಾನ ಇಳಿಯಲು ಶುರುವಾಗಿದ್ದು 2008ರಲ್ಲಿ. ಈ ಮನೆಗೆ ಪಾಯ ಹಾಕಿಸಿದ್ದು ನಮ್ಮ ತಾತ. ಆಗ ರಾತ್ರಿ ಹೊತ್ತು ಜೋರು ಸದ್ದು ಅಂದರೆ ದ್ರಾಕ್ಷಿ ತೋಟದ ಪಂಪ್‌ಸೆಟ್ಟು, ಅಷ್ಟೇ. 2019ರ ಕೊನೆಗೆ ಎರಡನೇ ರನ್‌ವೇ ಬೇರೆ ಬಂತು.

ನಮ್ಮ ಮನೆ ಇರುವುದು ರನ್‌ವೇಯ ಪಶ್ಚಿಮಕ್ಕೆ, ಐದು ಕಿಲೋಮೀಟರ್ ದೂರದಲ್ಲಿ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ, ಹಾಗಾಗಿ ಏರುವ ವಿಮಾನ ನಮ್ಮ ತಲೆ ಮೇಲೆ. ಚಳಿಗಾಲಕ್ಕೆ ಗಾಳಿ ತಿರುಗಿತು ಅಂತ ಖುಷಿಪಟ್ಟರೆ ಇಳಿಯುವುದು ನಮ್ಮ ತಲೆ ಮೇಲೆ. ಇಳಿಯುವಾಗ ಇಳಿಜಾರು 3 ಡಿಗ್ರಿ. ಲೆಕ್ಕ ಹಾಕಿ ನೋಡಿದೆ, ನಮ್ಮ ತಾರಸಿಗೆ ಬರುವ ಹೊತ್ತಿಗೆ ಎತ್ತರ ಸುಮಾರು 260 ಮೀಟರ್. ಬಟ್ಟೆ ಒಣಗಿಸಲು ಹೋದವರು ಚಕ್ರ ಎಣಿಸಿಕೊಂಡು ಬರಬಹುದು.

ಹಗಲು ಹೇಗೋ ಆಗುತ್ತದೆ ಬಿಡಿ. ಮಾತು ಅರ್ಧಕ್ಕೆ ನಿಲ್ಲಿಸಿ, ಅದು ಹೋದ ಮೇಲೆ ಮುಂದುವರಿಸುವುದು ರೂಢಿಯಾಗಿದೆ. ಫೋನಿನಲ್ಲಿ ಆ ಕಡೆಯವರು “ಲೈನ್ ಕಟ್ಟಾಯ್ತಾ?” ಅಂತಾರೆ.

ರಾತ್ರಿಯದೇ ಕಷ್ಟ. ನಮ್ಮ ಬೀದಿಯ ಗಣೇಶನಿಗೆ ಹತ್ತು ಗಂಟೆ ಆದ ಕೂಡಲೇ ಪೊಲೀಸರು ಬಂದು ಮೈಕ್ ಬಂದ್ ಮಾಡಿಸುತ್ತಾರೆ. ಮಾಡಿಸಲಿ, ಕಾನೂನು ಇದೆ. 2000ದ ನಿಯಮದ ಪ್ರಕಾರ ಜನ ವಾಸಿಸುವ ಕಡೆ ರಾತ್ರಿ ಸದ್ದಿನ ಮಿತಿ 45 ಡೆಸಿಬೆಲ್. ವಿಮಾನ ನಿಲ್ದಾಣಗಳಿಗೆ ಅಂತ 2018ರಲ್ಲಿ ಬೇರೆ ಮಿತಿ ಬಂತು. ದೊಡ್ಡ ನಿಲ್ದಾಣ ಆದರೆ ರಾತ್ರಿ 65. ಬರೀ ಇಪ್ಪತ್ತು ಜಾಸ್ತಿ ಅಲ್ವಾ ಅನ್ನಬೇಡಿ. ಡೆಸಿಬೆಲ್ಲಿನಲ್ಲಿ ಹತ್ತು ಹೆಚ್ಚಿದರೆ ಸದ್ದಿನ ಶಕ್ತಿ ಹತ್ತು ಪಟ್ಟು. ಇಪ್ಪತ್ತು ಹೆಚ್ಚಿದರೆ ನೂರು ಪಟ್ಟು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಯುರೋಪಿಗೆ ಹೇಳಿದ್ದೇನು ಗೊತ್ತಾ? ವಿಮಾನದ ಸದ್ದು ರಾತ್ರಿ 40 ದಾಟಬಾರದು ಅಂತ. ಅವರ ಕಿವಿಗೂ ನಮ್ಮ ಕಿವಿಗೂ ಏನು ವ್ಯತ್ಯಾಸವೋ!

ಒಂದು ಕಚೇರಿಗೆ ದೂರು ಬರೆದಿದ್ದೆ. ಎರಡು ತಿಂಗಳಾದ ಮೇಲೆ ಉತ್ತರ ಬಂತು: “ಸರಾಸರಿ ಮಿತಿಯೊಳಗಿದೆ.” ಸರಾಸರಿ! ರಾತ್ರಿಯಿಡೀ ಅಳೆದು ಭಾಗಿಸಿದರೆ ಮಧ್ಯದ ನಿಶ್ಶಬ್ದ ಎಲ್ಲ ಸೇರಿಕೊಂಡು ಅಂಕಿ ಇಳಿಯುತ್ತದೆ. ನನ್ನನ್ನು ಎಬ್ಬಿಸಿದ್ದು ಸರಾಸರಿ ಅಲ್ಲ ಸ್ವಾಮಿ, 3.10ರ ವಿಮಾನ. ಕೆನ್ನೆಗೆ ಒಂದು ಬಾರಿಸಿ, ಇಡೀ ದಿನಕ್ಕೆ ಹಂಚಿದರೆ ಬರೀ ತಟ್ಟಿದ ಹಾಗೆ ಅಂದಂತಾಯಿತು.

ಇನ್ನೂ ಉರಿಯುವುದು ಎಲ್ಲಿ ಅಂದರೆ, ಈ ಹೊತ್ತಿಗೇ ಯಾಕೆ ಅನ್ನುವುದು ಗೊತ್ತಾದ ಮೇಲೆ. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ 2011ರಿಂದ ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ನಿಗದಿತ ವಿಮಾನಗಳಿಗೆ ಅವಕಾಶವಿಲ್ಲ. ಅಲ್ಲಿನ ಜನ ಬೀದಿಗಿಳಿದರು, ಕೋರ್ಟಿಗೆ ಹೋದರು, ಗೆದ್ದರು. ಒಳ್ಳೆಯದೇ. ಆದರೆ ಅಲ್ಲಿ ಬೆಳಗಾದ ಮೇಲೆ ಇಳಿಯಬೇಕು, ಅಲ್ಲಿಂದ ಮುಂದಿನ ವಿಮಾನವೂ ಸಿಗಬೇಕು ಅಂದರೆ ಇಲ್ಲಿಂದ ಹೊರಡುವುದು ನಮ್ಮ ನಡುರಾತ್ರಿ. ಅವರು ಹೊದ್ದು ಮಲಗಲಿ ಅಂತ ನಾವು ಎದ್ದು ಕೂತಿದ್ದೇವೆ.

2020ರ ಮಾರ್ಚ್ ಕೊನೆಯಿಂದ ಎರಡು ತಿಂಗಳು ಲಾಕ್‌ಡೌನಿನಲ್ಲಿ ಪ್ರಯಾಣಿಕರ ವಿಮಾನ ನಿಂತಿದ್ದವು. ಊರಿಗೆಲ್ಲ ಸಂಕಟದ ಕಾಲ, ಹೇಳಿಕೊಳ್ಳಲು ನಾಚಿಕೆ. ಆದರೆ ಅಷ್ಟು ಚೆನ್ನಾಗಿ ನಾನು ಮತ್ತೆ ಮಲಗಿಲ್ಲ. ಆ ಮೇ ತಿಂಗಳ ಮೊದಲ ಮಳೆಗೆ ಕಪ್ಪೆ ವಟಗುಟ್ಟಿದ್ದು ಕೇಳಿ ನನ್ನ ಮಗಳು ಏನದು ಅಂದಳು. ಹುಟ್ಟಿದ್ದು ಇದೇ ಮನೆಯಲ್ಲಿ!

ಒಳಗೆ ಅಮ್ಮನಿಗೂ ಎಚ್ಚರವಾಗಿದೆ. ಒಮ್ಮೆಯೂ ವಿಮಾನ ಹತ್ತಿದವಳಲ್ಲ, ಟೈಂಟೇಬಲ್ ಮಾತ್ರ ಬಾಯಿಪಾಠ.

“ಜರ್ಮನಿದು ಹೋಯ್ತೇನಪ್ಪಾ?”

“ಹ್ಞೂಂ, ಹೋಯ್ತು.”

“ಹಂಗಾದ್ರೆ ದುಬೈದೊಂದಿದೆ” ಅಂದವಳು ಸೆರಗನ್ನು ಕಿವಿಗೆ ಸುತ್ತಿಕೊಂಡು ಮಗ್ಗುಲು ಬದಲಿಸಿದಳು.