ಶೆರೀಫ್ ಅಭ್ಯರ್ಥಿ ಕೈ ಕುಲುಕಿದಾಗ ಕೇಳಬೇಕಾದ ಪ್ರಶ್ನೆ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಚುನಾವಣೆ ಹತ್ತಿರ ಬಂತೆಂದರೆ ನಮ್ಮ ದೀಪಾವಳಿ ಮೇಳಗಳಿಗೆ ಹೊಸ ನೆಂಟರು ಹುಟ್ಟಿಕೊಳ್ಳುತ್ತಾರೆ. ಸಿಟಿ ಕೌನ್ಸಿಲ್‌ಗೆ ನಿಂತವರು, ಸ್ಕೂಲ್ ಬೋರ್ಡ್‌ಗೆ ನಿಂತವರು, ಅವರ ನಡುವೆ ಕೌಂಟಿ ಶೆರೀಫ್, ಅಂದರೆ ನಮ್ಮ ಜಿಲ್ಲೆಯಂಥ ಕೌಂಟಿಗೆ ಜನರೇ ಆರಿಸುವ ಪೊಲೀಸ್ ಮುಖ್ಯಸ್ಥ, ಆಗಲು ಹೊರಟವರು. ಕೈ ಮುಗಿದು ನಮಸ್ತೆ ಅನ್ನುತ್ತಾರೆ, ಸಮೋಸಾ ತಿನ್ನುತ್ತಾರೆ, ಹೆಗಲಿಗೊಂದು ಶಾಲು ಬೀಳುತ್ತದೆ. ಶೆರೀಫ್ ಅಭ್ಯರ್ಥಿ ಸಿಕ್ಕರೆ ನಮ್ಮವರ ಪ್ರಶ್ನೆ ಒಂದೇ: "ಇಂಡಿಯನ್ನರ ಮನೆ ಹುಡುಕಿಕೊಂಡು ಬಂದು ಚಿನ್ನ ಕದೀತಾರೆ, ನೀವೇನ್ ಮಾಡ್ತೀರಿ?" ಗಸ್ತು ಹೆಚ್ಚಿಸ್ತೀವಿ ಅಂತಾರೆ ಅವರು. ಒಂದು ಸೆಲ್ಫಿ, ಅಲ್ಲಿಗೆ ಮುಗೀತು.

ಚಿನ್ನದ ಚಿಂತೆ ಸುಳ್ಳಲ್ಲ. ಮಗಳ ಮದುವೆಗೆಂದು ಊರಿಂದ ತಂದಿಟ್ಟಿದ್ದ ಸರ ಹೋದರೆ ಯಾರಿಗಾದರೂ ಹೊಟ್ಟೆ ಉರಿಯುತ್ತೆ. ಆದರೆ ಸನ್ನಿವೇಲ್‌ನಲ್ಲೋ ಸ್ಯಾನ್ ಹೋಸೆಯಲ್ಲೋ ಕಳ್ಳತನವಾದರೆ ಬರುವವರು ಆಯಾ ಊರಿನ ಪೊಲೀಸರು, ಶೆರೀಫ್ ಅಲ್ಲ. ಸ್ವಂತ ಪೊಲೀಸ್ ಇಲ್ಲದೆ ಕೌಂಟಿಗೆ ದುಡ್ಡು ಕೊಟ್ಟು ಶೆರೀಫರ ಕೈಕೆಳಗಿನ ಡೆಪ್ಯುಟಿಗಳನ್ನು ಕರೆಸಿಕೊಳ್ಳುವ ಕುಪರ್ಟಿನೊ, ಸಾರಾಟೋಗ, ಲಾಸ್ ಆಲ್ಟೋಸ್ ಹಿಲ್ಸ್‌ನವರು ಆ ಪ್ರಶ್ನೆ ಕೇಳಲಿ, ಸರಿ. ಈ ಊರುಗಳೆಲ್ಲ ಇರುವ ಸಾಂಟಾ ಕ್ಲಾರಾ ಕೌಂಟಿಯ ಉಳಿದವರೆಲ್ಲ ಕೇಳಬೇಕಾದದ್ದು ಜೈಲಿನ ಬಗ್ಗೆ, ಯಾಕೆಂದರೆ ಕೌಂಟಿಯ ಜೈಲು ನಡೆಸುವವರು ಶೆರೀಫರೇ.

ಹೌದು, ಜೈಲು. ಮಿಲ್ಪಿಟಾಸ್‌ನ ಗ್ರೇಟ್ ಮಾಲ್‌ಗೆ ಹೋಗದ ಕನ್ನಡಿಗರು ಇಲ್ಲಿ ಕಡಿಮೆ. ಮಾಲ್ ಪಕ್ಕದಲ್ಲೇ ಎಲ್ಮ್‌ವುಡ್ ಜೈಲಿದೆ. ಒಂದು ಕಡೆ ಬೂಟಿಗೆ ಡಿಸ್ಕೌಂಟ್ ಹುಡುಕುವ ನಾವು, ಇನ್ನೊಂದು ಕಡೆ ಸಾಲುಸಾಲು ಬ್ಯಾರಕ್ಕು. ಕೌಂಟಿಯ ಮುಖ್ಯ ಜೈಲು ಇರುವುದು ಸ್ಯಾನ್ ಹೋಸೆಯ ಹೆಡ್ಡಿಂಗ್ ಸ್ಟ್ರೀಟಿನಲ್ಲಿ. ಒಳಗಿರುವವರಲ್ಲಿ ಹೆಚ್ಚಿನವರ ವಿಚಾರಣೆಯೇ ಮುಗಿದಿರುವುದಿಲ್ಲ. ಊರಲ್ಲಾದರೆ ಪೊಲೀಸ್ ಬೇರೆ, ಬಂದೀಖಾನೆ ಇಲಾಖೆ ಬೇರೆ. ಇಲ್ಲಿ ಗಸ್ತು ತಿರುಗುವ ಡೆಪ್ಯುಟಿಗಳೂ ಜೈಲಿಗೆ ಬೀಗ ಹಾಕುವವರೂ ಶೆರೀಫ್ ಎಂಬ ಒಬ್ಬರೇ ಯಜಮಾನರ ಕೈಕೆಳಗೆ.

2015ರ ಆಗಸ್ಟಿನಲ್ಲಿ ಆ ಮುಖ್ಯ ಜೈಲಿನಲ್ಲಿ, ಮಾನಸಿಕ ಕಾಯಿಲೆಯಿದ್ದ ಒಬ್ಬ ಕೈದಿ ಡೆಪ್ಯುಟಿಗಳ ಹೊಡೆತಕ್ಕೆ ಸತ್ತ. ಸಣ್ಣಪುಟ್ಟ ತಪ್ಪಿಗೆ ಒಳಗೆ ಹೋಗಿದ್ದವನು, ಚಿಕಿತ್ಸಾ ಕೇಂದ್ರದಲ್ಲಿ ಒಂದು ಹಾಸಿಗೆ ಖಾಲಿಯಾಗಲಿ ಎಂದು ಕಾಯುತ್ತಿದ್ದ. 2017ರಲ್ಲಿ ಮೂವರು ಡೆಪ್ಯುಟಿಗಳ ಮೇಲೆ ಕೊಲೆ ಆರೋಪ ಸಾಬೀತಾಯಿತು. ಮುಂದೆ ಕಾನೂನು ಬದಲಾದ್ದರಿಂದ ಮೇಲ್ಮನವಿ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು, ಆ ಮಾತು ಬಿಡಿ. ಕೊಲೆಯ ನಂತರ ಕೌಂಟಿ ಒಂದು ಆಯೋಗ ಮಾಡಿತು, ನಿವೃತ್ತ ನ್ಯಾಯಾಧೀಶೆ ಲಡೋರಿಸ್ ಕಾರ್ಡೆಲ್ ಅದರ ಅಧ್ಯಕ್ಷೆ. ಜೈಲನ್ನು ಶೆರೀಫ್ ಕೈಯಿಂದ ತೆಗೆಯಿರಿ ಎಂದೇ 2016ರಲ್ಲಿ ಆ ಆಯೋಗ ಹೇಳಿತು. ತೆಗೆಯಲಿಲ್ಲ.

ಆಗ ಶೆರೀಫ್ ಆಗಿದ್ದವರು ಲಾರಿ ಸ್ಮಿತ್. 1998ರಲ್ಲಿ ಗೆದ್ದು ಬಂದ ಮಹಿಳೆ, ಅದೂ ಈ ಹುದ್ದೆಗೆ ಕ್ಯಾಲಿಫೋರ್ನಿಯಾದಲ್ಲಿ ಚುನಾಯಿತರಾದ ಮೊದಲ ಮಹಿಳೆ. ಎಷ್ಟು ಹೆಮ್ಮೆಯ ವಿಷಯ! 2018ರಲ್ಲಿ, ಅಂದರೆ ಜೈಲಿನಲ್ಲಿ ಆ ಸಾವಾಗಿ ಮೂರು ವರ್ಷಕ್ಕೆ, ಕೌಂಟಿಯ ಜನ ಅವರನ್ನೇ ಮತ್ತೆ ಗೆಲ್ಲಿಸಿದರು. ಅದೇ 2018ರಲ್ಲಿ ಎಲ್ಮ್‌ವುಡ್‌ನಿಂದ ಮುಖ್ಯ ಜೈಲಿಗೆ ಸಾಗಿಸುವಾಗ ಇನ್ನೊಬ್ಬ ಮಾನಸಿಕ ರೋಗಿ ವ್ಯಾನಿನೊಳಗೆ ತಲೆ ಚಚ್ಚಿಕೊಂಡು ಮಿದುಳಿಗೆ ಪೆಟ್ಟು ಮಾಡಿಕೊಂಡ. ಆ ಕುಟುಂಬಕ್ಕೆ ಕೌಂಟಿ ಕೊಟ್ಟ ಪರಿಹಾರ 1 ಕೋಟಿ ಡಾಲರ್. ನಮ್ಮ ನಿಮ್ಮ ಪ್ರಾಪರ್ಟಿ ಟ್ಯಾಕ್ಸಿನ ಕೌಂಟಿ ಅದು, ನೆನಪಿರಲಿ. (ಮನೆ ತೆರಿಗೆ ನೂರು ಡಾಲರ್ ಏರಿದರೆ ವಾಟ್ಸಾಪ್ ಗುಂಪಿನಲ್ಲಿ ಕುರುಕ್ಷೇತ್ರವೇ ನಡೆಯುತ್ತೆ. ಇದರ ಬಗ್ಗೆ ಒಬ್ಬರೂ ಚಕಾರ ಎತ್ತಲಿಲ್ಲ.)

ಕೊನೆಗೆ ಸ್ಮಿತ್ ಕುರ್ಚಿಗೆ ಕುತ್ತು ತಂದದ್ದು ಬಂದೂಕಿನ ಪರ್ಮಿಟ್ಟು. ಬಚ್ಚಿಟ್ಟುಕೊಂಡು ಬಂದೂಕು ಒಯ್ಯಲು ಪರವಾನಗಿ ಕೊಡುವ ಅಧಿಕಾರವೂ ಶೆರೀಫರಿಗಿದೆ. ಚುನಾವಣೆಗೆ ದುಡ್ಡು ಕೊಟ್ಟವರಿಗೆ, ದೊಡ್ಡ ಮನುಷ್ಯರಿಗೆ ಬೇಗ ಸಿಗುತ್ತಿತ್ತು ಅನ್ನುವ ಆರೋಪ. ಜೊತೆಗೆ ಐಸ್ ಹಾಕಿ ಪಂದ್ಯ ನೋಡಲು ಕ್ರೀಡಾಂಗಣದ ಐಷಾರಾಮಿ ಖಾಸಗಿ ಕೋಣೆ ಬಳಸಿಕೊಂಡು, ಅದು ಉಡುಗೊರೆ ಅಂತ ತೋರಿಸದಿರಲು ಅಗ್ಗದ ಟಿಕೆಟ್ ಕೊಂಡದ್ದು ಬೇರೆ. ವ್ಯಾನಿನ ಪ್ರಕರಣದ ತನಿಖೆಗೆ ಸಹಕರಿಸಲಿಲ್ಲ ಅನ್ನುವುದೂ ಆ ಪಟ್ಟಿಯಲ್ಲಿತ್ತು. 2022ರ ಅಕ್ಟೋಬರ್ 31ಕ್ಕೆ, ಈ ಆರೋಪಗಳ ವಿಚಾರಣೆ ಕೇಳಿದ ಕೋರ್ಟಿನ ಜ್ಯೂರಿ ಇನ್ನೂ ಒಳಗೆ ಚರ್ಚೆ ಮಾಡುತ್ತಿದ್ದಾಗಲೇ, ಅವರು ಹುದ್ದೆ ಬಿಟ್ಟರು. ನವೆಂಬರ್ 3ಕ್ಕೆ ತೀರ್ಪು ಬಂತು: ತಪ್ಪಿತಸ್ಥೆ.

ಊರಲ್ಲಿ ಎಸ್ಪಿಗಳನ್ನು ಮಂತ್ರಿಗಳು ಹೇಗೆ ಆಡಿಸುತ್ತಾರೆ ಎಂದು ಗೊತ್ತಿರುವ ನಮಗೆ, ಜನರೇ ಆರಿಸಿದ ಅಧಿಕಾರಿ ಅಂದರೆ ತುಂಬಾ ಚೆಂದ ಅನಿಸುತ್ತದೆ. ಚೆಂದವೇ. ಆದರೆ ಊರಲ್ಲಿ ಎಸ್ಪಿ ಸರಿಯಿಲ್ಲದಿದ್ದರೆ ಗಲಾಟೆ ಮಾಡಿಯಾದರೂ ಎತ್ತಂಗಡಿ ಮಾಡಿಸಬಹುದು. ಇಲ್ಲಿ ಶೆರೀಫರನ್ನು ಎತ್ತಂಗಡಿ ಮಾಡುವ ಮೇಲಧಿಕಾರಿಯೇ ಇಲ್ಲ. ಪಕ್ಕದ ಸ್ಯಾನ್ ಮಟೇಯೊ ಕೌಂಟಿ ನೋಡಿ. 2022ರ ಜೂನ್‌ನಲ್ಲಿ ಕ್ರಿಸ್ಟೀನಾ ಕಾರ್ಪಸ್ ಹಾಲಿ ಶೆರೀಫರನ್ನೇ ಸೋಲಿಸಿ ಬಂದರು, ಸುಧಾರಣೆ ತರುತ್ತೇನೆಂದು. ಎರಡು ವರ್ಷದಲ್ಲಿ ಇಲಾಖೆಯಲ್ಲಿ ದೂರುಗಳ ಮೇಲೆ ದೂರು. ತನಿಖಾ ವರದಿ ಬರೆದವರು ಮತ್ತೆ ಅದೇ ಕಾರ್ಡೆಲ್. ವರದಿ ಬಂದರೂ ಇಳಿಸಲು ದಾರಿಯಿಲ್ಲದೆ, 2025ರ ಮಾರ್ಚ್‌ನಲ್ಲಿ ಅದಕ್ಕೆಂದೇ ಚುನಾವಣೆ ನಡೆಸಿ ಕೌಂಟಿ ಮಂಡಳಿಗೆ ಅಧಿಕಾರ ಕೊಡಿಸಬೇಕಾಯಿತು. ಅಕ್ಟೋಬರ್‌ನಲ್ಲಿ ಮಂಡಳಿ ಅವರನ್ನು ತೆಗೆದುಹಾಕಿತು. ಒಬ್ಬರನ್ನು ಕುರ್ಚಿಯಿಂದ ಇಳಿಸಲು ಇಷ್ಟು ಯಜ್ಞ!

ಆದ್ದರಿಂದ ಕೂರಿಸುವ ಮೊದಲೇ ವಿಚಾರಿಸಬೇಕು ಅನ್ನುವುದು ನನ್ನ ವಾದ. ವಿಚಾರಿಸುವುದು ಸುಲಭವಲ್ಲ, ಒಪ್ಪುತ್ತೇನೆ. ಬ್ಯಾಲೆಟ್ಟಿನಲ್ಲಿ ಪಕ್ಷದ ಹೆಸರು ಇರುವುದಿಲ್ಲ. 2022ರಲ್ಲಂತೂ ನಮ್ಮಲ್ಲಿ ಕೊನೆಗೆ ಉಳಿದ ಇಬ್ಬರ ಹೆಸರು ಜಾನ್ಸೆನ್ ಮತ್ತು ಜೆನ್ಸೆನ್! ಒಬ್ಬರು ಪಾಲೊ ಆಲ್ಟೊದ ಮಾಜಿ ಪೊಲೀಸ್ ಮುಖ್ಯಸ್ಥ ಬಾಬ್ ಜಾನ್ಸೆನ್, ಇನ್ನೊಬ್ಬರು ಶೆರೀಫ್ ಕಚೇರಿಯಲ್ಲೇ ಇದ್ದು ನಿವೃತ್ತರಾದ ಕೆವಿನ್ ಜೆನ್ಸೆನ್. ಕಡಿಮೆ ಅಂತರದಲ್ಲಿ ಗೆದ್ದವರು ಬಾಬ್. ಇಬ್ಬರೂ ಪೊಲೀಸರೇ ಆಗಿದ್ದು ಆಕಸ್ಮಿಕವಲ್ಲ. ಪೊಲೀಸ್ ಅನುಭವ ಇಲ್ಲದವರು ಕ್ಯಾಲಿಫೋರ್ನಿಯಾದಲ್ಲಿ ಶೆರೀಫ್ ಹುದ್ದೆಗೆ ನಿಲ್ಲುವಂತೆಯೇ ಇಲ್ಲ. ಜೈಲನ್ನು ಹೊರಗಿನ ಕಣ್ಣಿಂದ ನೋಡುವವರು ಹೀಗೆ ಬಾಗಿಲಲ್ಲೇ ನಿಂತುಬಿಡುತ್ತಾರೆ, ನನಗಿದು ಸರಿ ಕಾಣುವುದಿಲ್ಲ.

ಹಾಗಾಗಿ ಅಭ್ಯರ್ಥಿ ಸಿಕ್ಕಾಗ ಕೇಳಿ. ಜೈಲಿನಲ್ಲಿ ಒಬ್ಬರು ಸತ್ತರೆ ಎಷ್ಟು ದಿನದಲ್ಲಿ ಜನರಿಗೆ ವಿಡಿಯೋ ತೋರಿಸ್ತೀರಿ? ಹೊರಗಿನ ತಪಾಸಣೆಯವರು ಕಾಗದ ಕೇಳಿದರೆ ಕೊಡ್ತೀರೋ ಇಲ್ಲವೋ? ಮಾನಸಿಕ ರೋಗಿಯನ್ನು ವ್ಯಾನಿಗೆ ಹತ್ತಿಸುವಾಗ ಜೊತೆಗೆ ನರ್ಸ್ ಇರ್ತಾರಾ? ತಡವರಿಸಿದರೆ ತಡವರಿಸಲಿ, ಅದೂ ಒಂದು ಉತ್ತರವೇ.

2022ರಲ್ಲಿ ಗೆದ್ದವರ ಅವಧಿ ನಾಲ್ಕಲ್ಲ, ಆರು ವರ್ಷ. ಅಧ್ಯಕ್ಷರ ಚುನಾವಣೆಯ ಜೊತೆಗೇ ಶೆರೀಫ್ ಚುನಾವಣೆಯೂ ನಡೆಯಲಿ ಎಂದು ರಾಜ್ಯ ಕಾನೂನು ಬದಲಿಸಿತು. ಮುಂದಿನದು 2028ರಲ್ಲಿ. ನವೆಂಬರ್ ಇದೆಯಲ್ಲಾ ಅಂತ ಕೂರಬೇಡಿ. ಅದಕ್ಕೂ ಮುಂಚೆ ನಡೆಯುವ ಮೊದಲ ಸುತ್ತು, ಅಂದರೆ ಪ್ರೈಮರಿಯಲ್ಲೇ ಯಾರಿಗಾದರೂ ಅರ್ಧಕ್ಕಿಂತ ಹೆಚ್ಚು ಮತ ಬಿದ್ದರೆ ಕತೆ ಅಲ್ಲಿಗೇ ಮುಗಿಯುತ್ತೆ, ಸ್ಯಾನ್ ಮಟೇಯೊದಲ್ಲಿ ಆದದ್ದು ಅದೇ. ಬ್ಯಾಲೆಟ್ ಹೇಗೂ ಟಪಾಲಿನಲ್ಲಿ ಮನೆಗೇ ಬರುತ್ತೆ. ಅಧ್ಯಕ್ಷರ ಹೆಸರಿಗೆ ಗುರುತು ಹಾಕಿ ಮಡಚಬೇಡಿ, ಪುಟ ತಿರುಗಿಸಿ. ಸಿಟಿಜನ್ ಆಗದವರು, ಗ್ರೀನ್ ಕಾರ್ಡಿನವರು, ಎಚ್‌-1ಬಿಯವರು ವೋಟು ಹಾಕುವಂತಿಲ್ಲ ನಿಜ. ಪ್ರಶ್ನೆ ಕೇಳಲು ಯಾರೂ ಪಾಸ್‌ಪೋರ್ಟ್ ನೋಡುವುದಿಲ್ಲ.