ವಾಂಗ್ ಆನ್‌ಶಿ ರೈತರಿಗೆ ಸರ್ಕಾರಿ ಸಾಲ ಕೊಟ್ಟದ್ದು ಸರಿಯೇ?

ಪರ

ಕನ್ಫ್ಯೂಷಿಯಸ್ ಪಂಥದ ಪಂಡಿತರೆಂದರೆ ಹಳೆಯ ಗ್ರಂಥ ಹಿಡಿದು ಅರಸನಿಗೆ ಉಪದೇಶ ಮಾಡುವವರು ಎಂಬ ಕಲ್ಪನೆ ನಮ್ಮದು. ಚೀನಾದ ಸೊಂಗ್ ರಾಜವಂಶದ ಮಂತ್ರಿ ವಾಂಗ್ ಆನ್‌ಶಿಯೂ (1021–1086) ಗ್ರಂಥ ಹಿಡಿದವನೇ. ಆದರೆ ಪ್ರಾಚೀನ ಝೌ ರಾಜವಂಶದ ಆಡಳಿತವನ್ನು ವಿವರಿಸುವ ಗ್ರಂಥದಲ್ಲಿ, ಜನರಿಗೆ ಸಾಲ ಕೊಡುವ ಸರ್ಕಾರಿ ಕಚೇರಿಯೊಂದು ಅವನ ಕಣ್ಣಿಗೆ ಬಿತ್ತು.

ಸೊಂಗ್ ಕಾಲದ ಚೀನಾದಲ್ಲಿ ರೈತನಿಗೆ ಕಷ್ಟದ ಕಾಲವೆಂದರೆ ವಸಂತ. ಕಣಜ ಬರಿದು, ಹೊಲದಲ್ಲಿ ಪೈರಿನ್ನೂ ಹಸಿರು. ಸಾಹುಕಾರನೇ ಗತಿ, ಸಾಲ ತೀರದಿದ್ದರೆ ಹೊಲವೂ ಅವನದೇ. 1047ರಲ್ಲಿ ಯಿನ್ ಎಂಬ ಪ್ರಾಂತ್ಯಭಾಗಕ್ಕೆ ಅಧಿಕಾರಿಯಾಗಿ ಹೋದ ವಾಂಗ್, ಸರ್ಕಾರಿ ಕಣಜದ ಧಾನ್ಯವನ್ನೇ ಸಾಲ ಕೊಟ್ಟು ಸುಗ್ಗಿಯಲ್ಲಿ ಹಿಂಪಡೆದ. ದಾಸ್ತಾನು ಮುಗ್ಗುವುದೂ ತಪ್ಪಿತು. 1069ರಲ್ಲಿ ಷೆನ್‌ಜೊಂಗ್ ಚಕ್ರವರ್ತಿಯ ಬೆಂಬಲ ಸಿಕ್ಕಾಗ ಅದನ್ನೇ 'ಹಸಿರು ಪೈರು' ಸಾಲವೆಂದು ದೇಶಕ್ಕೆ ವಿಸ್ತರಿಸಿದ. ಬಡ್ಡಿ ಶೇ 20. ಇಂದಿನ ಬೆಳೆ ಸಾಲಕ್ಕೆ ಹೋಲಿಸಿದರೆ ದುಬಾರಿಯೇ, ಆದರೆ ಸಾಹುಕಾರ ಕೇಳುತ್ತಿದ್ದದ್ದು ಇದಕ್ಕಿಂತ ಎಷ್ಟೋ ಹೆಚ್ಚು.

ವಾಂಗ್‌ನ ಸುಧಾರಣೆಗಳ ವಿರುದ್ಧ ಕೂಗೆದ್ದದ್ದು ಎಲ್ಲಿಂದ ಎಂಬುದನ್ನೂ ನೋಡಬೇಕು. ಊರಿನ ಕುಟುಂಬಗಳು ಸರದಿಯ ಮೇಲೆ ಕಚೇರಿಗೆ ಮಾಡಬೇಕಿದ್ದ ಕಡ್ಡಾಯ ಚಾಕರಿಯನ್ನು ವಾಂಗ್ 1071ರಲ್ಲಿ ನಿಲ್ಲಿಸಿ, ಹಣ ಸಂಗ್ರಹಿಸಿ ಸಂಬಳದ ಆಳುಗಳನ್ನು ನೇಮಿಸಿದ. ಅದುವರೆಗೆ ವಿನಾಯಿತಿ ಪಡೆದಿದ್ದ ಅಧಿಕಾರಿಗಳ ಮನೆಗಳೂ ಹಣ ಕಟ್ಟಬೇಕಾಯಿತು. 1086ರಲ್ಲಿ ವಿರೋಧಿಗಳು ಇದನ್ನು ರದ್ದು ಮಾಡಹೊರಟಾಗ, ಬೇಡವೆಂದು ವಾದಿಸಿದವನು ಕವಿ ಸು ಷಿ. ಸುಧಾರಣೆಗಳನ್ನು ಕವಿತೆಯಲ್ಲಿ ಅಣಕಿಸಿದನೆಂದು 1079ರಲ್ಲಿ ಸೆರೆಮನೆ ಕಂಡವನೇ ಇವನು!

ವಿರೋಧ

ಶೇ 20 ನಿಜ, ಆದರೆ ಸಾಲ ವಸಂತಕ್ಕೊಮ್ಮೆ, ಶರತ್ಕಾಲಕ್ಕೊಮ್ಮೆ. ಬಡ್ಡಿಯೂ ಎರಡು ಸಲ. ಬರ ಬಂದರೆ ಸಾಹುಕಾರನ ಕಾಲನ್ನಾದರೂ ಹಿಡಿಯಬಹುದಿತ್ತು. ಸರ್ಕಾರದ ಕಾಲು ಎಲ್ಲಿ ಹುಡುಕುವುದು?

ತೆರಿಗೆ ಏರಿಸದೆಯೇ ಬೊಕ್ಕಸ ತುಂಬಬಹುದು ಎಂಬುದು ವಾಂಗ್‌ನ ವಾದ. ಇತಿಹಾಸಕಾರ ಸಿಮಾ ಗುವಾಂಗ್ ಚಕ್ರವರ್ತಿಯ ಎದುರಲ್ಲೇ ಅದನ್ನು ತಳ್ಳಿಹಾಕಿದ: ಲೋಕದ ಸಂಪತ್ತು ಇರುವಷ್ಟೇ, ಜನರ ಬಳಿ ಇಲ್ಲದ್ದು ಸರ್ಕಾರದ ಬಳಿ ಇರುತ್ತದೆ. ಅರ್ಥಶಾಸ್ತ್ರವಾಗಿ ಇದು ತೀರಾ ಸಂಕುಚಿತ. ಆದರೂ ನಡೆದದ್ದು ಹೆಚ್ಚುಕಡಿಮೆ ಹಾಗೆಯೇ. ಬಡ್ಡಿ ಆದಾಯವಾದ ಮೇಲೆ ಎಷ್ಟು ಸಾಲ ಹಂಚಿದ ಎಂಬುದೇ ಅಧಿಕಾರಿಯ ಯೋಗ್ಯತೆಯ ಅಳತೆಯಾಯಿತು. ಬೇಡವೆಂದವರಿಗೂ ಸಾಲ ಹೊರಿಸಿದರು. ಬಡವರ ಜಾಮೀನಿಗೆ ಉಳ್ಳವರನ್ನು ಕಟ್ಟಿಹಾಕಿದರು. ಹೊಲವೇ ಇಲ್ಲದ ಪಟ್ಟಣದವರಿಗೂ 'ಪೈರಿನ' ಸಾಲ ಹೋಗುತ್ತಿದೆ ಎಂದು ಹಿರಿಯ ಮುತ್ಸದ್ದಿ ಹಾನ್ ಚಿ 1070ರಲ್ಲೇ ದೂರಿದ. ಕೆಳಗಿನ ನೌಕರರು ಕೆಡಿಸಿದರು ಎಂದು ನುಣುಚಿಕೊಳ್ಳುವಂತಿಲ್ಲ. ಅವರನ್ನು ಓಡಿಸುತ್ತಿದ್ದದ್ದು ಮೇಲಿನ ಲೆಕ್ಕವೇ.

1074ರ ಬರದಲ್ಲಿ ರಾಜಧಾನಿ ಕೈಫೆಂಗ್‌ನತ್ತ ನಿರಾಶ್ರಿತರು ಬಂದರು. ಊರಬಾಗಿಲ ಅಧಿಕಾರಿ ಜೆಂಗ್ ಶಿಯಾ ಅವರ ಚಿತ್ರ ಬರೆಸಿ ಚಕ್ರವರ್ತಿಗೆ ತಲುಪಿಸಿದ. ಅವನು ಒಂದು ಕಾಲಕ್ಕೆ ವಾಂಗ್‌ನದೇ ಶಿಷ್ಯ. ಅದೇ ವರ್ಷ ವಾಂಗ್ ಪದವಿ ಬಿಟ್ಟ.

ಮರುವರ್ಷ ಹಿಂದಿರುಗಿದವನು ಪಾಠ ಕಲಿತಿದ್ದನೇ? 1075ರಲ್ಲಿ ಅವನ ಗ್ರಂಥವ್ಯಾಖ್ಯಾನಗಳೇ ಸರ್ಕಾರಿ ಪರೀಕ್ಷೆಯ ಪಠ್ಯವಾದವು. ಸಾಲದ ಹುಳುಕನ್ನು ನಾಳೆ ಮೇಲಕ್ಕೆ ಬರೆದು ತಿಳಿಸಬೇಕಾದ ತರುಣ, ನೌಕರಿ ಸಿಗಬೇಕಾದರೆ ಮೊದಲು ಮಂತ್ರಿಯ ಅರ್ಥವನ್ನೇ ಒಪ್ಪಿಸಬೇಕಿತ್ತು.